ಮೊರದ ಮೇಲೆ ಒಣಗಿದ ಹುಲಿ

ಮೂಳೆಯ ವಿಷಯದಲ್ಲಿ ನನ್ನ ಮುಂದೆ ನಿಲ್ಲುವ ಗಂಡಸು ಮೈಸೂರಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಹದಿನೆಂಟು ವರ್ಷ ನಂಬಿಕೊಂಡಿದ್ದೆ. ಬರೀ ನಂಬಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬೇರೆ ತಿರುಗುತ್ತಿದ್ದೆ!

ನನ್ನ ಹೆಸರು ಅಮರ್. ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಸಿಸ್ಟೆಂಟ್. ಸಂಬಳದ ಚೀಟಿಯಲ್ಲಿ ಹಾಗಂತ ಇದೆ. ನನ್ನ ಪ್ರಕಾರ ನಾನು ಅಲ್ಲಿನ ಮ್ಯೂಸಿಯಮ್ಮಿನ ಸರ್ವಾಧಿಕಾರಿ. ಒಂದು ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಗಾಜಿನ ಬೀರುಗಳು, ಅವುಗಳೊಳಗೆ ಜಿಂಕೆ, ಕಡವೆ, ಕಾಡುಹಂದಿ, ಚಿರತೆ, ಕರಡಿ. ನಟ್ಟನಡುವೆ ಒಂಟಿ ಪೆಟ್ಟಿಗೆಯಲ್ಲಿ ಹುಲಿ. ಎಲ್ಲರೂ ತಲೆಬುರುಡೆ ಮಾತ್ರ. ಮೈ ಯಾರಿಗೂ ಇಲ್ಲ.

ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ನಾನು ಕರಡಿಯ ಬೀರುವಿನ ಮುಂದೆ ನಿಂತು ಒಂದು ಭಾಷಣ ಮಾಡುತ್ತೇನೆ. "ನೋಡಿ, ಎಡಗಡೆ ಕೋರೆಹಲ್ಲಿನ ಬುಡದಲ್ಲಿ ಒಂದು ತೂತು ಕಾಣುತ್ತಲ್ಲ? ಅದು ಹುಳುಕು! ಜೀವಮಾನವೆಲ್ಲ ಜೇನು ತಿಂದೂ ತಿಂದೂ ಬಂದ ಹುಳುಕು! ಪಾಪ, ಹಲ್ಲುನೋವಲ್ಲೇ ಪ್ರಾಣ ಬಿಟ್ಟಿರಬೇಕು." ಹುಡುಗಿಯರು "ಅಯ್ಯೋ" ಅನ್ನುತ್ತಾರೆ. ಒಬ್ಬಿಬ್ಬರು ಕಣ್ಣೊರೆಸಿಕೊಂಡದ್ದೂ ಉಂಟು. ಈಗೀಗ ಲೆಕ್ಚರರುಗಳೂ ಆ ತೂತನ್ನು ನನ್ನ ಮಾತಿನಲ್ಲೇ ಪಾಠ ಮಾಡುತ್ತಾರೆ.

ಹೋದ ವರ್ಷ ಕಾಲೇಜಿಗೆ ತಪಾಸಣಾ ಸಮಿತಿ ಬರುತ್ತದೆಂದು ಸುದ್ದಿಯಾಯಿತು. ನಮ್ಮ ಪ್ರಿನ್ಸಿಪಾಲ್ ಶಿವಪ್ರಕಾಶ್ ಅವರು ಮ್ಯೂಸಿಯಮ್ಮಿಗೆ ಬಂದು ಹುಲಿಯ ಪೆಟ್ಟಿಗೆಯ ಮುಂದೆ ನಿಂತರು.

"ಅಮರ್, ಏನ್ರೀ ಇದು? ಹುಲಿಗೆ ಕಾಮಾಲೆಯಾ?"

ನಿಜ, ಬುರುಡೆ ಹಳದಿಗಟ್ಟಿತ್ತು. ಕಣ್ಣಿನ ಗೂಡಿನಲ್ಲಿ ಕಣಜ ಮಣ್ಣಿನ ಮನೆ ಕಟ್ಟಿತ್ತು. ಪೆಟ್ಟಿಗೆಯ ಕೀ ಯಾವ ಕಾಲದಲ್ಲೋ ಕಳೆದುಹೋಗಿ, ಮೂವತ್ತು ವರ್ಷದಿಂದ ಆ ಹುಲಿಯನ್ನು ಯಾರೂ ಮುಟ್ಟಿರಲಿಲ್ಲ. ನಾನೂ ಹೊರಗಿನ ಗಾಜು ಒರೆಸಿದವನೇ ಹೊರತು ಒಳಗೆ ಕೈ ಹಾಕಿದವನಲ್ಲ.

"ಸೋಮವಾರ ಸಮಿತಿ ಬರುತ್ತೆ. ಅಷ್ಟರೊಳಗೆ ಬೆಳ್ಳಗಾಗುತ್ತಾ?"

"ಸರ್, ಇವತ್ತು ಬುಧವಾರ. ಮೂರು ದಿನ ಕೊಡಿ, ಮಲ್ಲಿಗೆ ಹೂವಿನ ಹಾಗೆ ಮಾಡಿಕೊಡ್ತೀನಿ!"

"ಒಂದು ಮಾತು ನೆನಪಿರಲಿ. ಈ ಕೋಣೆ ಬಿಟ್ಟು ಅದು ಆಚೆ ಹೋಗಬಾರದು. ರಿಜಿಸ್ಟರಲ್ಲಿ ಅಸಲಿ ಅಂತಿದೆ, ಅರಣ್ಯ ಇಲಾಖೆಗೂ ಅಸಲಿ ಅಂತಲೇ ಲೆಕ್ಕ ಕೊಟ್ಟಿದ್ದೀವಿ. ಆ ಹುಲಿಯುಗುರಿನ ಗಲಾಟೆ ಮರೆತಿಲ್ಲ ತಾನೆ? ಕುತ್ತಿಗೇಲಿ ಒಂದು ಉಗುರು ಹಾಕ್ಕೊಂಡೋರನ್ನೇ ಎಳಕೊಂಡು ಹೋದರು. ಇದರಲ್ಲಿ ಒಂದು ಹಲ್ಲು ಕಮ್ಮಿಯಾದರೂ ನಾನೂ ಒಳಗೆ, ನೀವೂ ಒಳಗೆ."

"ಸರ್, ನನ್ನ ಮೇಲೆ ಬಿಡಿ!"

ಅವರು ನಿಜವಾಗಲೂ ನನ್ನ ಮೇಲೆ ಬಿಟ್ಟು ಹೋದರು. ಬೀಗ ಒಡೆದೆ. ಲ್ಯಾಬಿನ ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಒಂದು ಗಂಟೆ. ಬಿಸಿಲಂತೂ ಆ ಕೋಣೆಗೆ ಕಾಲಿಟ್ಟದ್ದೇ ಇಲ್ಲ. ಅಶೋಕಪುರಂನ ನಮ್ಮ ಮನೆಯ ತಾರಸಿಯಲ್ಲೋ ನೀರು, ಬಿಸಿಲು ಎರಡೂ ಧಾರಾಳ! ಹುಲಿಯನ್ನು ತರಕಾರಿ ಚೀಲಕ್ಕೆ ಇಳಿಸಿ, ಮೇಲೆ ನಾಲ್ಕು ಕಟ್ಟು ನುಗ್ಗೆಸೊಪ್ಪು ಹರಡಿ, ಸ್ಕೂಟರಿನಲ್ಲಿ ಕಾಲ ಸಂದಿಗೆ ಇಟ್ಟುಕೊಂಡು ಹೊರಟೆ. ಚೀಲ ಎತ್ತಿದಾಗ ಬಹಳ ಹಗುರ ಅನಿಸಿತ್ತು. ಹಳೆಯ ಮೂಳೆ, ಒಣಗಿ ಒಣಗಿ ಹಗುರವಾಗಿದೆ ಎಂದು ನನ್ನ ಹದಿನೆಂಟು ವರ್ಷದ ಪಾಂಡಿತ್ಯ ಕೂಡಲೇ ವಿವರಣೆ ಕೊಟ್ಟಿತು.

ಮನೆಯಲ್ಲಿ ಸುಮಾ ಚೀಲದೊಳಗೆ ಇಣುಕಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಸುಮಾ ನನ್ನ ಹೆಂಡತಿ, ಸ್ಕೂಲ್ ಟೀಚರ್, ನನ್ನ ಸೋದರಮಾವನ ಮಗಳು. ಆ ಸೋದರಮಾವ ಚೆಲುವಯ್ಯ, ಅತ್ತೆ ಸಾಕಮ್ಮ ಇಬ್ಬರೂ ನಮ್ಮ ಜೊತೆಯಲ್ಲೇ ಇದ್ದಾರೆ. ಹಿಂದಿನ ಕಾಲದಲ್ಲಿ ಮೈಸೂರಿನಲ್ಲಿ ಬೇಟೆಯಾಡಿದ ಪ್ರಾಣಿಗಳನ್ನು ಹದಮಾಡಿ, ಬುರುಡೆ ತೊಳೆದು, ಜೀವ ಇದ್ದ ಹಾಗೇ ನಿಲ್ಲಿಸಿಕೊಡುತ್ತಿದ್ದ ಒಂದು ಕಾರ್ಖಾನೆ ಇತ್ತು. ಮಾವ ಅಲ್ಲಿ ನಲವತ್ತು ವರ್ಷ ದುಡಿದವರು. ಈಗ ಎಂಬತ್ತೆರಡು. ಕಣ್ಣಿಗೆ ಪೊರೆ ಬಂದು ಅರ್ಧ ಲೋಕ ಮಂಜು.

"ಅಪ್ಪನ್ನ ಒಂದು ಮಾತು ಕೇಳಿ ಮಾಡ್ರೀ," ಎಂದಳು ಸುಮಾ.

"ಮಾವ ತೊಳೆದದ್ದು ಕೈಯಂದಾಜಿನಲ್ಲಿ. ನಾನು ತೊಳೆಯೋದು ವಿಜ್ಞಾನದಲ್ಲಿ!"

ತಾರಸಿಯ ಪ್ಲಾಸ್ಟಿಕ್ ಟಬ್ಬಿಗೆ ಕುದಿಕುದಿಯುವ ನೀರು ಸುರಿದೆ. ಒಂದು ಪ್ಯಾಕೆಟ್ ವಾಷಿಂಗ್ ಸೋಡಾ, ಅರ್ಧ ಪ್ಯಾಕೆಟ್ ಸೋಪಿನ ಪುಡಿ. ಹುಲಿಯನ್ನು ಮೆಲ್ಲಗೆ ಮುಳುಗಿಸಿ, ಮೇಲೆ ಹಲಗೆ ಮುಚ್ಚಿ, ಒಂದು ದಿನ ಅಲ್ಲಾಡಿಸಕೂಡದು ಎಂದು ನನಗೆ ನಾನೇ ಆಜ್ಞೆ ಮಾಡಿಕೊಂಡೆ. ಗುರುವಾರ ಬೆಳಿಗ್ಗೆ ಹಲಗೆಯನ್ನೊಮ್ಮೆ ಹೆಮ್ಮೆಯಿಂದ ತಟ್ಟಿ ಕೆಲಸಕ್ಕೆ ಹೋದೆ.

ಸಂಜೆ ಬಂದು ನೋಡುತ್ತೇನೆ, ಟಬ್ಬನ್ನು ತೊಳೆದು ಬೋರಲು ಹಾಕಿದ್ದಾರೆ. ಪಕ್ಕದಲ್ಲಿ ಅತ್ತೆಯ ಮೊರ ಒಣಗುತ್ತಿದೆ. ಹುಲಿ ಇಲ್ಲ!

"ಅತ್ತೇ! ಟಬ್ಬಲ್ಲಿದ್ದದ್ದು ಎಲ್ಲಿ?"

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದರು. ಮುಖದ ತುಂಬಾ ಪ್ರೀತಿ.

"ಪೇಪರ್ ನೆನೆ ಹಾಕಿದ್ದಲ್ಲೋ ಅಮರ, ಎಷ್ಟ್ ಚೆನ್ನಾಗ್ ನೆಂದಿತ್ತು ಅಂತೀಯ! ಅತ್ತೆ ಮೊರ ಸಂದಿ ಬುಟ್ಕಂಡದೆ ಅಂತ ನೋಡ್ಕಂಡವ್ನಲ್ಲ ನಮ್ ಅಮರ ಅಂತ ಕಣ್ಣಲ್ಲಿ ನೀರು ಬಂದ್ಬುಡ್ತು ಕಣಪ್ಪ. ಮೆಂತ್ಯ ಒಂದ್ ಹಾಕೋದ್ ನೀನು ಮರ್ತಿದ್ದೆ. ಸೋಪಿನ್ ನೊರೆ ಎಲ್ಲಾ ನಾಕ್ ನೀರಲ್ಲಿ ಬಸ್ದು, ನಾನೇ ಮೆಂತ್ಯ ಅರ್ದು ಹಾಕಿ ಮೆತ್ಬುಟ್ಟೆ."

ಬಿದಿರಿನ ಮೊರದ ಸಂದಿಗಳು ಬಿಟ್ಟುಕೊಂಡರೆ ಕಾಗದ ನೆನೆಸಿ, ಮೆಂತ್ಯದ ಜೊತೆ ಅರೆದು ಮೆತ್ತುವುದು ನಮ್ಮ ಕಡೆಯ ಹೆಂಗಸರು ಅಜ್ಜಿಯ ಕಾಲದಿಂದ ಮಾಡಿಕೊಂಡು ಬಂದದ್ದು. ಅತ್ತೆ ಅದರಲ್ಲಿ ಎತ್ತಿದ ಕೈ. ಆ ಎತ್ತಿದ ಕೈಯಿಂದಲೇ ಕಾಲೇಜಿನ ಹುಲಿಯನ್ನು ಮೊರದ ಹಿಂಬದಿಗೆ ಸಮಸಮನಾಗಿ ಮೆತ್ತಿದ್ದರು!

"ಗಟ್ಟಿ... ಗಟ್ಟಿಯಾದದ್ದು ಏನೂ ಇರಲಿಲ್ವಾ ಅತ್ತೆ?"

"ಇತ್ತಲ್ಲ. ನಾಕು ದೊಡ್ ಹಲ್ಲು, ಒಂದ್ ಹಿಡಿ ಸಣ್ ಹಲ್ಲು. ಅದ್ಯಾಕಪ್ಪ ಹಾಕಿದ್ದೆ? ಕಿಟಕಿ ಮೇಲೆ ಮಡಗಿವ್ನಿ."

ನಾನು ತಾರಸಿಯ ನೆಲದ ಮೇಲೆ ಕೂತುಬಿಟ್ಟೆ. ನನ್ನ ವಿಜ್ಞಾನ ಒಂದು ಹುಲಿಯನ್ನೇ ಕರಗಿಸಿತ್ತು! ಒಂದು ಉಗುರಿಗೆ ಜೈಲಾದರೆ ಇಡೀ ತಲೆಗೆ ಏನು? ನ್ಯಾಯಾಧೀಶರ ಮುಂದೆ ಮೊರ ಹಿಡಿದು ನಿಂತಿರುವ ನನ್ನ ಚಿತ್ರ ಕಣ್ಣಿಗೆ ಕಟ್ಟಿತು. ಮಕ್ಕಳ ಫೀಸು, ಮನೆಸಾಲದ ಕಂತು, ಹದಿನೆಂಟು ವರ್ಷದ ನೌಕರಿ ಎಲ್ಲ ಆ ಮೊರದ ಮೇಲೆ ಒಣಗುತ್ತಿರುವ ಹಾಗೆ ಕಂಡಿತು.

ಸುಮಾ ಸ್ಕೂಲಿನಿಂದ ಬಂದಳು. ಮೊರ ನೋಡಿದಳು, ನನ್ನನ್ನು ನೋಡಿದಳು.

"ರೀ, ಮೂಳೆ ಎಲ್ಲಾದರೂ ಕರಗುತ್ತಾ?"

"ಸೋಡಾ ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ ಕಣೇ."

"ಅದೇ ಸೋಡಾದಲ್ಲಿ ಇಪ್ಪತ್ತು ವರ್ಷದಿಂದ ನಿಮ್ಮ ಪ್ಯಾಂಟು ಒಗೀತಿದ್ದೀನಲ್ಲ, ನನ್ನ ಕೈ ಹೇಗೆ ಉಳ್ಕೊಂಡಿದೆ?"

ಅಷ್ಟರಲ್ಲಿ ಮಾವ ಗೋಡೆ ಹಿಡಿದುಕೊಂಡು ಮೇಲೆ ಬಂದರು. ಗಲಾಟೆ ಕೇಳಿಸಿತ್ತು. ಸುಮಾ ಕಿಟಕಿಯ ಮೇಲಿದ್ದ ಒಂದು ಕೋರೆಹಲ್ಲನ್ನು ಅವರ ಅಂಗೈಗೆ ಹಾಕಿದಳು. ಮಾವ ಅದನ್ನು ಕಣ್ಣಿನ ಹತ್ತಿರವೂ ತರಲಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಬುಡದಿಂದ ತುದಿಯವರೆಗೆ ಸವರಿದರು.

"ಇದೆಲ್ಲಿ ಸಿಕ್ತು? ಎತ್ತಿನ್ ಕಾಲ್ ಮೂಳೆ ಕಣೋ ಇದು. ನಾನೇ ಕೆತ್ತಿ ಉಜ್ಜಿದ್ದು."

ಮಾವ ಮೊರವನ್ನು ಮುಟ್ಟಿ ನೋಡಿ ನಿಧಾನವಾಗಿ ಹೇಳತೊಡಗಿದರು. "ಬೇಟೆ ನಿಂತೋದ್ ಮೇಲೆ ನಿಮ್ ಕಾಲೇಜಿನೋರು ಬಂದು ಹುಲಿ ಬುರುಡೆ ಮಾರ್ತೀರಾ ಅಂತ ಕೇಳಿದ್ರು. ಅದ್ಕೂ ಮುಂಚೆ ಮಾರ್ತಿದ್ರು, ಹಲಗೆ ಮೇಲ್ ಕೂರ್ಸಿ, ಹಿತ್ತಾಳೆ ಪಟ್ಟಿ ಹೊಡ್ದು ದೇಶದೇಶಕ್ ಕಳಿಸ್ತಿದ್ರು. ಆಗ ಕಾನೂನು ಬಂದಿತ್ತು, ಯಜಮಾನ್ರು ಆಗಲ್ಲ ಅಂದ್ರು. ಮಕ್ಳು ಕಲಿಯಕ್ಕೆ ಮಾದರಿನಾದ್ರೂ ಮಾಡ್ಕೊಡಿ ಅಂದ್ರು ಕಾಲೇಜಿನೋರು. ಕಾಗದ ಅರ್ದು, ಹುಣಸೇಬೀಜದ್ ಅಂಟು ಹಾಕಿ ಮಾಡ್ದೆ. ತಳದಲ್ಲಿ ಮಾದರಿ ಅಂತ ಚೀಟಿನೂ ಅಂಟ್ಸಿದ್ದೆ."

"ಚೀಟಿ ಇಲ್ವಲ್ಲ ಮಾವ!"

"ಜಿರಳೆ ತಿಂದಿರ್ಬೇಕು. ಹುಣಸೇಬೀಜದ್ ಅಂಟು ಅಂದ್ರೆ ಜಿರಳೆಗೆ ಪ್ರಾಣ."

ಅಷ್ಟೇ! ಒಂದು ಜಿರಳೆ ಒಂದು ಚೀಟಿ ತಿಂದಿತು. ರಿಜಿಸ್ಟರು ಹೊಸದಾಗಿ ಬರೆದ ಯಾರೋ ಪುಣ್ಯಾತ್ಮ 'ಅಸಲಿ' ಎಂದು ಬರೆದ. ಅಲ್ಲಿಂದ ಐವತ್ತು ವರ್ಷ ಮೇಷ್ಟರುಗಳು ಆ ಕಾಗದದ ಮುಂದೆ ನಿಂತು ಹುಲಿಯ ಪಾಠ ಮಾಡಿದರು. ಇಬ್ಬರು ಅದರ ದವಡೆಯ ಮೇಲೆ ಪ್ರಬಂಧ ಬರೆದು ಡಾಕ್ಟರೂ ಆಗಿಹೋದರು!

"ಹೋಗಿ ನಿಜ ಹೇಳ್ಬಿಡಿ," ಎಂದಳು ಸುಮಾ.

"ಏನು ತೋರಿಸಿ ಹೇಳಲಿ? ಸರ್, ಹುಲಿ ಅಸಲಿಯಲ್ಲ, ಬೇಕಾದರೆ ಈ ಮೊರ ನೋಡಿ ಅನ್ನಲಾ?"

ಮಾವ ನಕ್ಕರು. "ಸೋಮ್ವಾರ ತಾನೆ? ಬಿಸ್ಲು ಚೆನ್ನಾಗದೆ. ಸಾಕೂ, ಆ ಮೊರ ಇತ್ಲಾಗ್ ಕೊಡು."

"ಮೆತ್ತಿ ಅರ್ಧ ದಿನ ಆಗಿಲ್ಲ, ನನ್ ಮೊರ ಕೆರೀತೀರಾ?" ಎಂದು ಅತ್ತೆ ಮೊರವನ್ನು ಎದೆಗವಚಿಕೊಂಡರು. "ಹೊಸ ಕಾಗ್ದ ತಂದು ಮಾಡ್ಕಳಿ!"

"ಹೊಸ ಕಾಗ್ದಕ್ಕೆ ಆ ಬಿಗಿ ಬರಾಕಿಲ್ಲ ಕಣೇ. ಐವತ್ ವರ್ಸ ಒಣಗಿರೋದು."

ಹೊಸ ಮೊರ ಕೊಡಿಸುತ್ತೇನೆಂದು ನಾನು ಆಣೆ ಮಾಡಿದ ಮೇಲೆ ಅತ್ತೆ ಹುಲಿಯನ್ನು ಬಿಟ್ಟುಕೊಟ್ಟರು.

ಶುಕ್ರವಾರ ನಾನೂ ಸುಮಾಳೂ ರಜೆ ಹಾಕಿದೆವು. ಆ ಬೆಳಿಗ್ಗೆ ತಾರಸಿಯಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ? ಮಾವ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು. ಪೊರೆ ಬಂದ ಕಣ್ಣು ಸುಮ್ಮನೆ ಅಡ್ಡ ಬರುತ್ತದಂತೆ! ಆ ಹತ್ತು ಬೆರಳು ಮೊರದಿಂದ ಕೆರೆದು ಮತ್ತೆ ನೆನೆಸಿದ ಕಾಗದದ ಮುದ್ದೆಯೊಳಗೆ ಇಳಿದವು. ಎಂಟು ಗಂಟೆಗೆ ಅದು ಮುದ್ದೆ. ಹತ್ತು ಗಂಟೆಗೆ ಅದಕ್ಕೆ ಕಣ್ಣಿನ ಗೂಡು ಬಂತು. ಕೆನ್ನೆಯ ಮೂಳೆ ಬಿಲ್ಲಿನ ಹಾಗೆ ಬಾಗಿ ಹೊರಗೆ ಬಂತು. ಹನ್ನೊಂದಕ್ಕೆ ನಾನು ನೀರು ತರಲು ಹೋಗಿ ಬಂದರೆ ಚಾಪೆಯ ಮೇಲಿಂದ ಹುಲಿ ನನ್ನನ್ನೇ ನೋಡುತ್ತಿತ್ತು. ನಿಜ ಹೇಳುತ್ತೇನೆ, ಚೊಂಬು ಕೈಯಿಂದ ಜಾರಿತು.

ಕೈ ಕೆಲಸ ಮಾಡುತ್ತಿದ್ದಂತೆ ಬಾಯಿಯೂ ಹೇಳುತ್ತಿತ್ತು. "ಬುರುಡೆನ ಕುದಿಯೋ ನೀರಿಗೆ ಹಾಕ್ಬಾರ್ದು ಕಣೋ ಅಮರ, ಹಲ್ಲು ಸೀಳೋಗ್ತದೆ. ತಣ್ಣೀರು. ದಿನಾ ನೀರು ಬದ್ಲಾಯಿಸ್ಬೇಕು. ನಿಧಾನಕ್ ಬುಟ್ರೆ ಅದೇ ಬೆಳ್ಳಗಾಗ್ತದೆ. ಒಂದ್ ಸಲ ಒಂದು ಹುಲಿ ಬಂತು, ಕೆಳ್ಗಡೆ ದವಡೆ ಮುರ್ದು ತಾನೇ ಕೂಡ್ಕಂಡಿತ್ತು. ಕೂಡ್ಕಳೋಗಂಟ ಅದು ಏನ್ ತಿಂತಿತ್ತು? ಎಂಗ್ ಬದುಕ್ತು? ಅದ್ನ ತೊಳೀತಾ ನಾನು ಅತ್ಬುಟ್ಟಿದ್ದೆ."

ಹದಿನೆಂಟು ವರ್ಷ ನಾನು ಗಾಜು ಒರೆಸಿದ್ದೆ. ಈ ಮನುಷ್ಯ ಒಂದೊಂದು ಪ್ರಾಣಿಯ ಕಷ್ಟವನ್ನೂ ಬೆರಳಿನಿಂದ ಓದಿದ್ದರು. ಒಂದೇ ಮನೆಯಲ್ಲಿ ಇದ್ದುಕೊಂಡು ಒಂದು ದಿನವೂ ನಾನು ಕೇಳಿರಲಿಲ್ಲ. ಬಹಳ ನಾಚಿಕೆಯಾಯಿತು.

"ಮೆದುಳಿನ ಜಾಗ ಇಷ್ಟೇನಾ ಮಾವ?" ಎಂದು ಕೇಳಿದೆ.

"ಅಷ್ಟೇ. ಒಂದು ಸೀಬೆಹಣ್ಣು ಹಿಡಿಯೋಷ್ಟು. ಮಿಕ್ಕಿದ್ದೆಲ್ಲಾ ದವಡೆ."

ಸುಮಾ ಮೊದಲು ನನ್ನ ತಲೆಯ ಕಡೆ, ಆಮೇಲೆ ನನ್ನ ಬಾಯಿಯ ಕಡೆ ನೋಡಿದಳು.

ಸಂಜೆ ಹಲ್ಲು ಕೂರಿಸುವಾಗ ಮಾವ ತಲೆಯೆತ್ತದೆ ಕೇಳಿದರು. "ಅಮರ, ಹಿತ್ತಾಳೆ ಪಟ್ಟಿ ಮೇಲೆ ಹುಲಿ ಹೊಡ್ದೋರ್ ಹೆಸ್ರು ಇರ್ತಿತ್ತು. ಪೆಟ್ಗೆ ಮೇಲೆ ಕಾರ್ಖಾನೆ ಹೆಸ್ರು. ತೊಳ್ದೋನ್ ಹೆಸ್ರು ನಲ್ವತ್ ವರ್ಸ ಎಲ್ಲೂ ಬರ್ಲಿಲ್ಲ. ಈ ಸಲ ನಂದೊಂದು ಚೀಟಿ ಅಂಟ್ಸ್ಲಾ?"

"ಅಯ್ಯೋ ಬೇಡಿ ಮಾವ! ಚೀಟಿ ಕಂಡರೆ ನನ್ನ ಕೆಲಸ ಹೋಗುತ್ತೆ!"

"ಆಯ್ತು ಬುಡು," ಎಂದರು. ಅವರ ಕೈ ಒಂದು ಗಳಿಗೆ ನಿಂತು ಮತ್ತೆ ಕೆಲಸಕ್ಕಿಳಿಯಿತು. ಸುಮಾ ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನನಗೆ ಅದು ಗೊತ್ತಾದದ್ದು ಭಾನುವಾರ. ಅಲ್ಲಿಯವರೆಗೆ ನಾನು ಅವಳ ಹೇರ್ ಡ್ರೈಯರ್ ಹಿಡಿದು ಹುಲಿಯ ಮೂಗು ಒಣಗಿಸುತ್ತಿದ್ದೆ.

ಸೋಮವಾರ ಗಾಜಿನ ಪೆಟ್ಟಿಗೆಯಲ್ಲಿ ಹುಲಿ ಥಳಥಳ ಹೊಳೆಯುತ್ತಿತ್ತು. ಸೀಮೆಸುಣ್ಣ, ಮೇಣ ಸವರಿ ಮಾವ ಅದಕ್ಕೆ ಮೂಳೆಯ ಬಣ್ಣವನ್ನೇ ತಂದಿದ್ದರು. ಪ್ರಿನ್ಸಿಪಾಲರು ಬಂದು ನೋಡಿ ಬೆರಗಾದರು.

"ಅಮರ್! ಚಿನ್ನದಂಥ ಕೈ ರೀ ನಿಮ್ಮದು!"

"ಏನೋ ಸರ್, ಅಭ್ಯಾಸ," ಎಂದೆ. ನಾಲಿಗೆಗೆ ಮೂಳೆಯಿಲ್ಲವಲ್ಲ, ಹೇಗೆ ಬೇಕಾದರೂ ಹೊರಳಿತು.

ಸಮಿತಿಯ ಮುಖ್ಯಸ್ಥೆ ಡಾಕ್ಟರ್ ಅಲಮೇಲು. ಅರವತ್ತು ದಾಟಿದವರು, ಗುಬ್ಬಚ್ಚಿಯಷ್ಟು ಇದ್ದರು. ಮಿಕ್ಕ ಸದಸ್ಯರು ಟೀ ಹುಡುಕಿಕೊಂಡು ಹೋದರೂ ಇವರು ಹುಲಿಯ ಮುಂದೆ ನಿಂತುಬಿಟ್ಟರು. ಪೆಟ್ಟಿಗೆ ತೆಗೆಸಿದರು. ಬುರುಡೆಯನ್ನು ಮಗುವನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿದರು. ಮೂಗಿನ ಹತ್ತಿರ ತಂದರು.

"ಇದೇನು, ಮೆಂತ್ಯದ ವಾಸನೆ?"

"ಮೇಡಂ, ಅದು ನಮ್ಮ ಪಾರಂಪರಿಕ ಶುದ್ಧೀಕರಣ ಪದ್ಧತಿ!" ಎಂದೆ.

ಅವರು ಬುರುಡೆಯನ್ನು ತಿರುಗಿಸಿ, ಹಿಂಬದಿಯಲ್ಲಿ ಕತ್ತು ಸೇರುವ ತೂತಿಗೆ ಮೊಬೈಲಿನ ಟಾರ್ಚ್ ಹಿಡಿದು ಒಂದು ಕಣ್ಣಿನಲ್ಲಿ ಇಣುಕಿದರು. ತುಂಬ ಹೊತ್ತು ಇಣುಕಿದರು. ಆಮೇಲೆ ಗಟ್ಟಿಯಾಗಿ ಓದಿದರು.

"ಮಾದರಿ. ತಯಾರಿಸಿದವರು ಚೆಲುವಯ್ಯ, ಅಶೋಕಪುರಂ."

ನಾನೂ ಬಗ್ಗಿ ನೋಡಿದೆ. ಮೆದುಳಿನ ಗೂಡಿನೊಳಗೆ ಅಂಟಿಸಿದ ಚೀಟಿ. ಕೆಂಪು ಇಂಕು, ದುಂಡನೆಯ ಅಕ್ಷರ. ಮಕ್ಕಳ ಪುಸ್ತಕ ತಿದ್ದುವ ಸುಮಾಳ ಅಕ್ಷರ! ನನ್ನನ್ನೂ ಒಂದು ತಪ್ಪು ಲೆಕ್ಕದ ಹಾಗೆ ತಿದ್ದಿಬಿಟ್ಟಿದ್ದಳು.

"ಯಾರು ಈ ಚೆಲುವಯ್ಯ?"

ಪ್ರಿನ್ಸಿಪಾಲರ ಮುಖ ಹುಲಿಗಿಂತ ಬೆಳ್ಳಗಾಗಿತ್ತು. ನಾನು ಒಂದೇ ಉಸಿರಿಗೆ ಎಲ್ಲ ಕಕ್ಕಿದೆ. ತರಕಾರಿ ಚೀಲ, ಸೋಡಾ, ಮೊರ, ಮೆಂತ್ಯ, ಮಾವನ ಪೊರೆ ಬಂದ ಕಣ್ಣು, ಐವತ್ತು ವರ್ಷದ ಹಿಂದಿನ ಜಿರಳೆ. ಕೊನೆಗೆ, "ಮೇಡಂ, ಈ ಹುಲಿಗೆ ನಾನು ಮಾಡಿದ್ದು ಎರಡೇ. ಒಂದು ಸಲ ಕರಗಿಸಿದೆ, ಒಂದು ಸಲ ಗಾಳಿ ಹಾಕಿದೆ," ಎಂದೆ.

ಅವರು ನಗಲಿಲ್ಲ. ಬುರುಡೆಯ ನೆತ್ತಿಯ ಏಣಿನ ಮೇಲೆ ಬೆರಳಾಡಿಸುತ್ತಲೇ ಇದ್ದರು. "ನಾನು ಅಸಲಿ ಹುಲಿಬುರುಡೆ ಮುಟ್ಟಿದ್ದೀನಿ. ಇಲ್ಲಿ ನೋಡಿ, ಮೂಳೆ ಮೂಳೆ ಕೂಡುವ ಗೆರೆಯನ್ನೂ ಬಿಟ್ಟಿಲ್ಲ. ಕಣ್ಣು ಕಾಣದವರು ಅಂದ್ರಾ? ಬದುಕಿದ್ದಾರಾ? ಮೊದಲು ಅವರನ್ನ ಕರೆಸಿ!"

ಆಟೋದಲ್ಲಿ ಮಾವ, ಅತ್ತೆ ಇಬ್ಬರೂ ಬಂದರು. ಮಾವ ಅಂಬೇಡ್ಕರ್ ಜಯಂತಿಗೆ ಹಾಕುವ ಬಿಳಿ ಷರಟು ಹಾಕಿದ್ದರು. ಡಾಕ್ಟರ್ ಅಲಮೇಲು ಎದ್ದು ನಿಂತು ತಮ್ಮ ಕುರ್ಚಿ ಕೊಟ್ಟರು.

"ಇದನ್ನೆಲ್ಲ ಎಲ್ಲಿ ಕಲಿತಿರಿ ಅಯ್ಯಾ?"

"ತೊಳ್ದೂ ತೊಳ್ದೂ ಬಂತು ತಾಯಿ."

ಡಾಕ್ಟರ್ ಅಲಮೇಲು ಅಲ್ಲೇ ಒಂದು ರಟ್ಟು ತರಿಸಿ, ಚೀಟಿಯಲ್ಲಿದ್ದದ್ದನ್ನೇ ದೊಡ್ಡಕ್ಷರದಲ್ಲಿ ಬರೆಸಿ, ಹುಲಿಯ ಮುಂದೆ ನಿಲ್ಲಿಸಿದರು. ರಿಜಿಸ್ಟರಿನಲ್ಲಿ 'ಅಸಲಿ' ಹೊಡೆದು 'ಮಾದರಿ' ಎಂದಾಯಿತು; ಅರಣ್ಯ ಇಲಾಖೆಗೆ ಪತ್ರ ಸಿದ್ಧವಾಯಿತು; ನನಗೆ ಒಂದು ಮೆಮೊ ಸಿದ್ಧವಾಯಿತು. ಮಾವನಿಗೆ ರಟ್ಟಿನ ಅಕ್ಷರ ಕಾಣದು. ನಾನು ಅವರ ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ಓಡಿಸಿದೆ. ಕೊನೆಯ ಅಕ್ಷರ ಮುಗಿದ ಮೇಲೆ ಮತ್ತೆ ಮೊದಲಿನಿಂದ ಓಡಿಸು ಎಂದರು. ಮತ್ತೆ ಓಡಿಸಿದೆ.

"ಬಾಕಿ ಬುರುಡೆಗಳನ್ನೂ ಒಂದು ಸಲ ಮುಟ್ಟಿ ಹೇಳ್ತೀರಾ?" ಎಂದು ಅಲಮೇಲು ಕೇಳಿದರು. ವಿದ್ಯಾರ್ಥಿಗಳು, ಲೆಕ್ಚರರುಗಳು ಎಲ್ಲ ಸುತ್ತ ಸೇರಿದರು. ನಾನು ಮಾವನ ಕೈ ಹಿಡಿದು ಬೀರುವಿನಿಂದ ಬೀರುವಿಗೆ ನಡೆಸಿದೆ.

ಜಿಂಕೆ. "ಅಸಲಿ." ಕಡವೆ. "ಅಸಲಿ." ಹಂದಿ, ಚಿರತೆ. "ಅಸಲಿ, ಅಸಲಿ." ಆಮೇಲೆ ಕರಡಿ. ಮಾವನ ಹೆಬ್ಬೆರಳು ಎಡಗಡೆಯ ಕೋರೆಹಲ್ಲಿನ ಬುಡಕ್ಕೆ ಹೋಗಿ ನಿಂತಿತು. ಮುಖ ಅರಳಿತು.

"ಇದೂ ನಂದೇ!"

ಎಲ್ಲರ ಕಣ್ಣೂ ನನ್ನ ಮೇಲೆ.

"ಮಾವ," ಎಂದೆ, "ಆ ಹಲ್ಲಿನ ತೂತು?"

"ಅದಾ? ಆವತ್ತು ಉಳಿ ಜಾರ್ಬುಡ್ತು ಕಣೋ. ಯಾರೂ ನೋಡಲ್ಲ ಅಂತ ಅಂಗೇ ಬುಟ್ಬುಟ್ಟೆ."

ಹದಿನೆಂಟು ವರ್ಷದ ಜೇನು ಒಂದೇ ಗಳಿಗೆಗೆ ಇಳಿದುಹೋಯಿತು. ಹಿಂದೆ ನಿಂತಿದ್ದ ಅತ್ತೆ ನನ್ನ ತೋಳು ಜಗ್ಗಿ ಮೆಲ್ಲಗೆ ಕಿವಿಯಲ್ಲಿ ಹೇಳಿದರು:

"ಅಂಗಾದ್ರೆ ಅಮರ, ಕರಡಿನೂ ಮನೆಗ್ ತಕ್ಕಂಡ್ ಬಾರಪ್ಪ. ನನ್ ಮೊರ ಅಂಗೇ ಬಿದ್ದದೆ."